ಎಡ ಅಂಗೈ

ಕಸ್ತೂರೆಮ್ಮ ನಿನ್ನೆ ಬೆಳಗಿನಿಂದ ಊಟ ಬಿಟ್ಟಿದ್ದಾಳೆ ಎಂಬುದು ಅಮರಗುಂಡಪ್ಪನಿಗೆ ತಿಳಿದದ್ದು ಅಡುಗೆಮನೆಯ ಸಪ್ಪಳದಿಂದ. ಮಗ ಗುರುಬಸವ ಅಂಗಡಿಯಿಂದ ಊಟಕ್ಕೆ ಬಂದಾಗ ಒಂದು ತಾಟು ಸದ್ದು ಮಾಡಿತು, ತನಗೆ ತಂದು ಇಟ್ಟಾಗ ಇನ್ನೊಂದು. ಮೂರನೆಯದು ಗೋಡೆಯ ಮಾಡದಿಂದ ಇಳಿಯಲೇ ಇಲ್ಲ. ಐದು ತಿಂಗಳಿನಿಂದ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು ಕೂತು ಅವನು ಮನೆಯನ್ನು ಕಿವಿಯಿಂದ ನೋಡುವುದನ್ನು ಕಲಿತಿದ್ದ. ಮಸ್ಕಿ ಬಜಾರಿನ ಆಟೊಗಳು, ಕೆಳಗೆ ತನ್ನದೇ ಬಟ್ಟೆ ಅಂಗಡಿಯಲ್ಲಿ ಮಗ ಥಾನು ಉರುಳಿಸುವ ಸದ್ದು, ಒಳಗೆ ಹೆಂಡತಿಯ ಬಳೆ, ಎಲ್ಲವೂ ಈಗ ಕಿವಿಯ ಲೆಕ್ಕ. ರಾತ್ರಿ ಕೇಳಿದರೆ ಹಸಿವಿಲ್ಲ ಎಂದಳು. ಬೆಳಿಗ್ಗೆ ಮತ್ತೆ ಕೇಳಿದಾಗ, ಅವನ ಮುಖ ನೋಡದೆ, "ಸಂಜಿಮುಂದ ಮಠಕ್ಕ ಹೋಗಿ ಅಜ್ಜಾರನ್ನ ಕೇಳಿ ಬರ್ತೀನಿ. ಅಲ್ಲೀತನ ನನ್ನ ಬಾಯಾಗ ಅನ್ನ ಇಳಿಯಂಗಿಲ್ಲ. ತಪ್ಪು ಮಾಡಿದಾಕಿ ನಾನು" ಎಂದಳು. ತಪ್ಪು ಅವಳದಲ್ಲ. ಯಾರದೆಂದು ಆ ಮನೆಯಲ್ಲಿ ಒಬ್ಬನಿಗೇ ಗೊತ್ತಿತ್ತು, ಆ ಒಬ್ಬ ನಿನ್ನೆಯಿಂದ ಹೊತ್ತು ಹೊತ್ತಿಗೆ ಸರಿಯಾಗಿ ಉಂಡಿದ್ದ.

ನಿನ್ನೆ ಆದದ್ದು ಇಷ್ಟೇ. ಸ್ನಾನ ಮಾಡಿಸಿ, ಮಡಿ ಧೋತರ ಸುತ್ತಿ, ಅವಳು ಅವನನ್ನು ಪೂಜೆಗೆ ಕೂರಿಸಿದಳು. ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಅವನ ಎಡ ಅಂಗೈ ಮೇಲಿಟ್ಟು, ಕೆಳಗೆ ತನ್ನ ಅಂಗೈ ಒಡ್ಡಿದಳು. ಲಕ್ವ ಹೊಡೆದು ಎಡಮೈ ಸೋತ ಮೇಲೆ ಪೂಜೆ ನಡೆಯುತ್ತಿದ್ದದ್ದೇ ಹೀಗೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇಬ್ಬರ ಕೈಗಳು ಇಷ್ಟು ಹೊತ್ತು ಒಂದರ ಮೇಲೊಂದು ಇದ್ದದ್ದು ಈ ಐದು ತಿಂಗಳಲ್ಲೇ. ಅದು ಅವನಿಗೆ ಹಿತವಾಗಿಯೂ ಇತ್ತು, ಅವಮಾನವೂ ಆಗಿತ್ತು. ನಿನ್ನೆ ಅವನು ಕಣ್ಣು ಮುಚ್ಚಿದ್ದಾಗ ಅವಳು ಮೆಲ್ಲಗೆ ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು. ಅವನು ಕಣ್ಣು ತೆರೆದು, ತನ್ನ ಕೈ ತಾನೇ ಹಿಡಿದದ್ದನ್ನು ಕಂಡು ಖುಷಿ ಪಡಲಿ ಎಂದು. ಹಿಂದಿನ ದಿನವಷ್ಟೇ ಫೋನು ಹೇಳಿತ್ತಲ್ಲ, ಎಡಗೈ ಹದಿನಾಲ್ಕು ದಿನದಿಂದ ಸ್ಥಿರವಾಗಿದೆ, ಅಭಿನಂದನೆಗಳು ಎಂದು. ತನ್ನ ಅಂಗೈಗೆ ದಿನಾ ತಿಳಿಯುತ್ತಿದ್ದ ಭಾರಕ್ಕಿಂತ ಫೋನಿನ ಹಸಿರು ಬಣ್ಣವನ್ನು ಅವಳು ಹೆಚ್ಚು ನಂಬಿದಳು. ಕೈ ವಾಲಿತು, ಲಿಂಗ ಜಾರಿ ಅವನ ತೊಡೆಯ ಮೇಲೆ ಬಿತ್ತು. ನೆಲಕ್ಕಲ್ಲ, ತೊಡೆಯ ಮೇಲೆ. ಆದರೂ ಬಿದ್ದದ್ದು ಬಿದ್ದದ್ದೇ. ಅವಳು ಅದನ್ನೆತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು.

ಫೋನು ದಿಂಬಿನ ಪಕ್ಕದಲ್ಲಿತ್ತು. ಹತ್ತಕ್ಕೆ ಇನ್ನೂ ಇಪ್ಪತ್ತು ನಿಮಿಷ. ಸಿಂಧನೂರಿನ ದವಾಖಾನೆಯಿಂದ ಬಿಡುಗಡೆಯಾಗುವ ದಿನ ಗುರುಬಸವನ ಕೈಯಲ್ಲಿ ಅದರೊಳಗೊಂದು ಆ್ಯಪ್ ಹಾಕಿಸಿ ಕಳಿಸಿದ್ದರು. ದಿನಾ ಹತ್ತಕ್ಕೆ ಅದು ಕೂಗುತ್ತದೆ. ಜೇಬಿನಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ನಡೆಯಬೇಕು, ಅದು ಹೆಜ್ಜೆ ನೋಡಿಕೊಳ್ಳುತ್ತದೆ. ಒಂದು ವಾಕ್ಯ ಓದಬೇಕು, ಅದು ನಾಲಿಗೆ ನೋಡಿಕೊಳ್ಳುತ್ತದೆ. ಎಲ್ಲವೂ ಸಿಂಧನೂರಿನಲ್ಲಿ ಕೂತ ಸುರೇಖಾ ಎಂಬ ಹುಡುಗಿಯ ಪರದೆಗೆ ಹೋಗಿ ಕೆಂಪು, ಹಳದಿ, ಹಸಿರು ಆಗುತ್ತವೆ. ಮೊನ್ನೆ ಮೊನ್ನೆ ಹೊಸದೊಂದು ಸೇರಿತ್ತು: ಫೋನನ್ನು ಅಂಗೈ ಮೇಲೆ ಮಲಗಿಸಿ ಮೂವತ್ತು ಎಣಿಸುವ ತನಕ ಹಿಡಿಯುವುದು, ಮೊದಲು ಬಲಗೈ, ಆಮೇಲೆ ಎಡಗೈ. ಆ ಹೊತ್ತಿಗೆ ಯಾರೂ ಮುಟ್ಟಬಾರದು, ಮಾತಾಡಿಸಬಾರದು ಎಂದಿದ್ದರಿಂದ ಕಸ್ತೂರೆಮ್ಮ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಮೊದಲ ದಿನ ಬಲಗೈ ಮುಗಿಸಿ ಎಡಕ್ಕೆ ಬಂದಾಗ ಅವನು ನಿಂತುಬಿಟ್ಟ. ಆ ಅಂಗೈ ಮೇಲೆ ಎಂಟನೆಯ ವಯಸ್ಸಿನಿಂದ ಪೂಜೆಗೆಂದು ಲಿಂಗ ಬಿಟ್ಟು ಬೇರೇನನ್ನೂ ಅವನು ಇಟ್ಟು ಕೂತವನಲ್ಲ. ಊರ ಮಂದಿಯ ಮದುವೆ, ಸಾವು, ಅಶ್ಲೀಲ ಚಿತ್ರ, ಬೈಗುಳ ಎಲ್ಲ ಬಂದು ಹೋಗುವ ಈ ಗಾಜಿನ ತುಂಡನ್ನು ಅಲ್ಲಿಟ್ಟು ಕಣ್ಣಿಟ್ಟು ನೋಡುವುದೆಂದರೆ ಏನು. ಅವನು ಎಡದ ಪಾಳಿಯಲ್ಲೂ ಬಲಗೈಯನ್ನೇ ಒಡ್ಡಿದ. ಹಸಿರು ಬಂತು.

ಅದು ಮೊದಲ ದಿನದ ಮಾತು. ಎರಡನೆಯ ದಿನ ಒಡ್ಡುವಾಗ ಲಿಂಗದ ನೆನಪು ಇತ್ತೇ? ಇತ್ತು ಎಂದುಕೊಳ್ಳಬಹುದು. ನಾಲ್ಕನೆಯ ದಿನ ಖಂಡಿತ ಇರಲಿಲ್ಲ. ನಡಿಗೆಗೆ ದಿನಾ ಹಳದಿ, ನಾಲಿಗೆಗೆ ಹಳದಿ, ಇದೊಂದಕ್ಕೆ ಮಾತ್ರ ಹಸಿರು; ಆ ಹಸಿರು ಬಿದ್ದಾಗ ಅರವತ್ತೆರಡು ವರ್ಷದ ಮನುಷ್ಯನ ಎದೆಯಲ್ಲಿ ಕನ್ನಡ ಸಾಲೆಯ ಮಾಸ್ತರರು ಶಹಬ್ಬಾಸ್ ಅಂದಂತಾಗುತ್ತಿತ್ತು. ಕಸ್ತೂರೆಮ್ಮ ಕನ್ನಡಕ ಹಾಕಿಕೊಂಡು ಓದಿ, ಹೊರಗೆ ಹೋಗಿ ಎದುರು ಮನೆಯ ಬಸವಣ್ಣೆಮ್ಮನಿಗೆ "ನಮ್ಮೋರ ಕೈ ಹಸರು ಆಗೈತಿ" ಎಂದು ಹೇಳುವುದು ಕಿಟಕಿಯಿಂದ ಕೇಳುತ್ತಿತ್ತು. ಕೈ ಹಸಿರಾಗುವುದೆಂದರೆ ಏನೆಂದು ಬಸವಣ್ಣೆಮ್ಮ ತಿಳಿದಳೋ, ಅವಳೂ ಒಳ್ಳೆಯದಾಯ್ತು ಎನ್ನುತ್ತಿದ್ದಳು. ಹೀಗೆ ಹದಿನಾಲ್ಕು ದಿನ; ನಿನ್ನೆ ಮಾತ್ರ ಫೋನು ಕೂಗಿದರೂ ಅವನು ಕೈ ಒಡ್ಡಿರಲಿಲ್ಲ. ಮೊದಲ ಆರು ತಿಂಗಳಲ್ಲಿ ತಿರುಗಿ ಬಂದಷ್ಟು ಕೈ ಆಮೇಲೆ ಸುಲಭಕ್ಕೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಅವನಿಗೆ ನೆನಪಿತ್ತು. ಐದು ಮುಗಿದಿತ್ತು. ಅಭಿನಂದನೆಯ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿತ್ತು, ಕಸ್ತೂರೆಮ್ಮ ಅದನ್ನೂ ಜೋರಾಗಿ ಓದಿದ್ದಳು: ಡಾಕ್ಟರ ಒಪ್ಪಿಗೆಯ ನಂತರ ಎಡಗೈ ವ್ಯಾಯಾಮ ನಿಲ್ಲಿಸಲಾಗುವುದು. ಬಾಯಿ ತೆರೆದರೆ ಹೆಂಡತಿಯ ಮುಂದೆ ಮರ್ಯಾದೆ ಹೋಗುತ್ತದೆ, ತೆರೆಯದಿದ್ದರೆ ಕೈ ಹೋಗುತ್ತದೆ, ಅವಳು ತನ್ನದಲ್ಲದ ತಪ್ಪು ಹೊತ್ತುಕೊಂಡು ಸಂಜೆ ಮಠದ ಮೆಟ್ಟಿಲು ಹತ್ತುತ್ತಾಳೆ. ಇಷ್ಟು ಸರಳವಿದ್ದರೂ ಅವನು ಬೆಳಗಿನಿಂದ ಬಾಯಿ ತೆರೆದದ್ದು ಚಹಾಕ್ಕೆ ಮಾತ್ರ.

ಮತ್ತು ಸುರೇಖಾ. ಮೊದಲ ತಿಂಗಳು ಅವಳು ಅವನ ಮಟ್ಟಿಗೆ ಒಂದು ದನಿ, ಒಂದು ನೀಲಿ ಅಂಗಿ, ಹಿಂದಿನ ಕಪಾಟಿನ ಮೇಲೆ ಬುದ್ಧನ ಸಣ್ಣ ಮೂರ್ತಿ. ಆ ದನಿ ಅವನ ಹೆಜ್ಜೆಗಳನ್ನು ಅವನಿಗಿಂತ ಚೆನ್ನಾಗಿ ಬಲ್ಲದಾಗಿತ್ತು. "ಅಪ್ಪಾರ, ನಿನ್ನೆ ಹೊಸ್ತಿಲ ಹತ್ರ ಎಡವೀರೇನ್ರಿ?" ಎಂದು ಮೂವತ್ತು ಕಿಲೋಮೀಟರು ದೂರದಿಂದ ಕೇಳಿದಾಗ ಅವನ ಮೈ ಜುಮ್ಮೆಂದಿತ್ತು. ಎಡವಿದ್ದು ನಿಜ. ಲಿಂಗಸುಗೂರಿನಿಂದ ಬಳಗಾನೂರಿನ ತನಕ ನಲವತ್ತು ಮಂದಿಯ ಕೈಕಾಲು ಅವಳ ಲೆಕ್ಕದಲ್ಲಿದ್ದವು. ಒಮ್ಮೆ ಇವನ ಕರೆಯನ್ನು ತಡೆದಿಟ್ಟು ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಒಬ್ಬ ಮುದುಕನ ಜೊತೆ ಮಾತಾಡಲು ಹೋದವಳು ತಡೆಯುವ ಗುಂಡಿ ಸರಿಯಾಗಿ ಒತ್ತಿರಲಿಲ್ಲ. ಅವಳ ಹರಕು ಬಂಗಾಳಿ, ಮುದುಕನ ಮುರುಕು ಕನ್ನಡ, ಎರಡೂ ಸೇರಿ ಆ ಮನುಷ್ಯ ಒಂದು ಚಮಚ ಎತ್ತುವ ತನಕ ಅವಳು ಬಿಡಲಿಲ್ಲ. ಎತ್ತಿದಾಗ ಆ ಕಡೆಯಿಂದ ನಗು ಕೇಳಿಸಿತು, ಈ ಕಡೆ ಅಮರಗುಂಡಪ್ಪನೂ ಒಬ್ಬನೇ ಕೂತು ನಕ್ಕ. ಇಂಥ ಕೆಲಸದವರನ್ನು ಅವನು ಬಲ್ಲ. ಕತ್ತಲಲ್ಲಿ ಬಟ್ಟೆ ಮುಟ್ಟಿ ಎಳೆಯ ಲೆಕ್ಕ ಹೇಳುವ ನೇಕಾರರನ್ನು ಕಂಡಿದ್ದ, ಅವರ ಮುಂದೆ ಎಂದೂ ಚೌಕಾಸಿ ಮಾಡಿರಲಿಲ್ಲ. ಎರಡನೆಯ ತಿಂಗಳು ಮಾತಿಗೆ ಮಾತು ಬಂದು ಕಸ್ತೂರೆಮ್ಮ ಯಾವ ಊರವ್ವಾ ನಿಂದು ಎಂದು ಕೇಳಿದಳು. "ಸಂತೆಕಲ್ಲೂರ್ರಿ ಅಮ್ಮಾರ. ಯಮನಮ್ಮನ ಮೊಮ್ಮಗಳು. ನಮ್ಮಜ್ಜಿ ನಿಮ್ಮ ಅಂಗಡ್ಯಾಗ ಬಟ್ಟಿ ತಗೋತಿದ್ಲು" ಎಂದಳು ಸುರೇಖಾ, ಹವೆಯ ಬಗ್ಗೆ ಹೇಳುವಷ್ಟೇ ಸಹಜವಾಗಿ. ಅಮರಗುಂಡಪ್ಪ ಅಂದು ಓದಬೇಕಾದ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದ, ನಾಲಿಗೆಗೆ ಕೆಂಪು ಬಂತು.

ಅಂಗಡಿಯಲ್ಲಿ ಗಾದಿಯ ಮೇಲೆ ಕೂರುವವರು ಬೇರೆ, ಮೆಟ್ಟಿಲ ಮೇಲೆ ನಿಲ್ಲುವವರು ಬೇರೆ. ಹಾಗೆಂದು ಯಾರೂ ಬರೆದು ಹಾಕಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹಿಂದೊಮ್ಮೆ ಯಮನಮ್ಮ ಮೆಟ್ಟಿಲ ಮೇಲೆ ನಿಂತು ಮಗಳ ಮದುವೆಗೆ ಇಳಕಲ್ ಸೀರೆ ನೋಡುತ್ತಿದ್ದಳು. ಅವಳ ಸೆರಗು ಹಿಡಿದು ಆರೇಳು ವರ್ಷದ ಹುಡುಗಿಯೊಂದಿತ್ತು. ಅವನು ಸೀರೆ ಬಿಚ್ಚಿ ಹರಡಿದಾಗ ಆ ಹುಡುಗಿ ಅಂಚಿನ ಮೇಲೆ ಒಂದು ಬೆರಳಿಟ್ಟಿತು, ರೇಷ್ಮೆ ನುಣುಪಿದೆಯೇ ಎಂದು ನೋಡಲು. ಅವನು ಬೈಯಲಿಲ್ಲ. ಹೊಡೆಯಲಿಲ್ಲ. ಪಕ್ಕದಲ್ಲಿದ್ದ ಅಳತೆಯ ಕೋಲಿನ ತುದಿಯಿಂದ ಆ ಬೆರಳನ್ನು ಬಟ್ಟೆಯ ಮೇಲಿಂದ ಆಚೆ ಸರಿಸಿದ, ನೊಣ ಸರಿಸಿದಂತೆ, ಇನ್ಯಾರ ಜೊತೆಗೋ ಮಾತಾಡುತ್ತಲೇ. ಯಮನಮ್ಮ "ತಪ್ಪಾತ್ರಿ ಸಾವ್ಕಾರ್ರ" ಎಂದು ಮಗುವನ್ನು ಹಿಂದಕ್ಕೆ ಎಳೆದುಕೊಂಡಳು, ಸೀರೆಯನ್ನೂ ಕೊಂಡಳು. ಇಪ್ಪತ್ತು ವರ್ಷ ಅದು ಅವನ ನೆನಪಿಗೇ ಬಂದಿರಲಿಲ್ಲ. ಈಗ ಬಿಡುತ್ತಿಲ್ಲ. ಕೋಲು ಯಾವ ಕೈಯಲ್ಲಿತ್ತು ಎಂದು ಎಷ್ಟೋ ಮಧ್ಯಾಹ್ನ ಕೂತು ನೆನಪಿಸಿಕೊಂಡಿದ್ದಾನೆ. ಕತ್ತರಿ ಯಾವಾಗಲೂ ಬಲಗೈಯಲ್ಲಿ ಇರುತ್ತಿತ್ತು, ಕೋಲಿಗೆ ಉಳಿದದ್ದು ಎಡಗೈ. ಮಗು ಅತ್ತಿರಲಿಲ್ಲ, ಅದೊಂದು ಚೆನ್ನಾಗಿ ನೆನಪಿದೆ. ಸರಿಸಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವನನ್ನೇ ನೋಡುತ್ತ ನಿಂತಿತ್ತು.

ಫೋನು ಹತ್ತಕ್ಕೆ ಐದು ನಿಮಿಷ ಮೊದಲೇ ಕೂಗಿತು. ಆ್ಯಪ್ ಅಲ್ಲ, ಸುರೇಖಾಳೇ, ವಿಡಿಯೊ. ಅವನ ಬಲಗೈ ಬೆವತಿತ್ತು. ಎಡಗೈಗೆ ಬೆವರುವುದೂ ಈಚೆಗೆ ತಡವಾಗಿ ತಿಳಿಯುತ್ತದೆ.

"ಶರಣ್ರಿ ಅಪ್ಪಾರ. ಅಮ್ಮಾರು ಎಲ್ಲಿ ಅದಾರ? ಇಬ್ಬರೂ ಇದ್ರ ಚಲೋ."

ಕಸ್ತೂರೆಮ್ಮ ಕೈ ಒರೆಸಿಕೊಳ್ಳುತ್ತ ಬಂದು ಮಂಚದ ತುದಿಗೆ ಕೂತಳು.

"ಅಮ್ಮಾರ, ಮಾರಿ ಯಾಕ ಬಾಡೈತ್ರಿ? ಉಂಡಿಲ್ಲೇನು?"

"ಇಲ್ಲವ್ವಾ, ಉಪಾಸದ ವಾರ ಹಿಡಿದೀನಿ."

"ಬುಧವಾರ ಯಾವ ವಾರ್ರಿ?" ಎಂದಳು ಸುರೇಖಾ. ಆಮೇಲೆ ಅದನ್ನು ಅಲ್ಲಿಗೇ ಬಿಟ್ಟಳು. ಬಿಡಬೇಕಾದದ್ದನ್ನು ಬಿಡುವುದು ಅವಳಿಗೆ ಗೊತ್ತಿತ್ತು. "ಅಪ್ಪಾರ, ನಿಮ್ಮ ಎಡಗೈದು ಸಂಜಿಗೆ ಡಾಕ್ಟ್ರು ಸಹಿ ಮಾಡೋರು ಅದಾರ. ಮಾಡಿದ್ರ ವ್ಯಾಯಾಮ ಬಂದ್. ಅದಕ್ಕ ಮೊದಲ ನಾನು ಹದಿನಾಕೂ ದಿನದ್ದು ತಗದು ಕುಂತು ನೋಡಿದೆ. ಅಂಗೈ ಮ್ಯಾಲ ಭಾರ ಇಟ್ರ, ಕೈ ದಣಿದಂಗ ಕಿರಿಬೆರಳಿನ ಕಡಿ ಜರಾ ವಾಲತೈತ್ರಿ. ನಾ ನೋಡಿದ ಮಂದಿ ಎಲ್ಲಾರ್ದೂ ಹಂಗ. ಬಲಗೈ ಎಡಕ್ಕ, ಎಡಗೈ ಬಲಕ್ಕ. ನಿಮ್ಮವು ಎರಡೂ ಎಡಕ್ಕ ವಾಲ್ಯಾವ."

ಹಿಡಿದುಬಿಟ್ಟಳು ಎಂಬ ಹೆದರಿಕೆಗಿಂತ ಮೊದಲು ಅವನಿಗೆ ಬಂದದ್ದು, ಹೇಳಬೇಕೆಂದರೆ, ಮೆಚ್ಚುಗೆ. ಯಂತ್ರ ಹಸಿರು ಎಂದು ಬಿಟ್ಟ ಮೇಲೂ ಈ ಹುಡುಗಿ ಒಬ್ಬ ಮುದುಕನ ಅಂಗೈ ಯಾವ ಕಡೆ ವಾಲಿತೆಂದು ಕೂತು ನೋಡಿದ್ದಾಳೆ. ನೋಡುವ ಕಣ್ಣೆಂದರೆ ಇದು. ಆಮೇಲೆ ಹೆದರಿಕೆ ಬಂತು.

"ಫೋನಿಂದ ಏನಾರ ದೋಷ ಇರಬೇಕ್ರಿ" ಎಂದಳು ಸುರೇಖಾ, ಇನ್ನೂ ಮೆತ್ತಗೆ. "ಕವರ್ ಹಾಕಿದ್ರ ಹಿಂಗ ಆಗತೈತಿ ಒಮ್ಮೊಮ್ಮೆ. ಡಾಕ್ಟ್ರಿಗೆ ಹಂಗ ಹೇಳಿ ತಡೀತೀನಿ. ನಾಳಿಂದ ಹೊಸದಾಗಿ ಮಾಡೂಣು, ಮುಗೀತು."

ಅವಳಿಗೆ ಗೊತ್ತಿದೆ. ಗೊತ್ತಿದ್ದೂ, ಹೆಂಡತಿ ಪಕ್ಕದಲ್ಲಿ ಕೂತಿದ್ದಾಳೆಂದು, ಅವನು ತಲೆಯೆತ್ತಿಕೊಂಡೇ ಹೊರಗೆ ನಡೆಯಲು ಒಂದು ಬಾಗಿಲು ತೆರೆದಿಟ್ಟಿದ್ದಾಳೆ. ಅಂದು ಮೆಟ್ಟಿಲ ಮೇಲೆ ನಿಂತಿದ್ದ ಯಮನಮ್ಮನಿಗೆ ಅವನು ಅಂಥದ್ದೊಂದು ಕಿಂಡಿಯನ್ನೂ ಬಿಟ್ಟಿರಲಿಲ್ಲ. ಹೂಂ ಎಂದರೆ ಸಾಕಿತ್ತು. ಕಸ್ತೂರೆಮ್ಮ ಪಾಪದ ಫೋನನ್ನು ಬೈದುಕೊಂಡು, ಆದರೂ ಕೈ ತೆಗೆದದ್ದು ತಾನೇ ಎಂದುಕೊಂಡು, ಸಂಜೆ ಮಠಕ್ಕೆ ಹೋಗುತ್ತಿದ್ದಳು. ಅವನು ಅವಳ ಮುಖ ನೋಡಿದ. ಒಂದೇ ದಿನಕ್ಕೆ ಕಣ್ಣ ಕೆಳಗೆ ಕಪ್ಪಾಗಿತ್ತು. ಈ ಹೆಂಗಸನ್ನು ತಾನು ಪ್ರೀತಿಸುತ್ತೇನೆ ಎಂಬುದು ಅವನಿಗೆ ಸಿಟ್ಟು ಬಂದ ಹಾಗೆ ಫಕ್ಕನೆ ತಿಳಿಯಿತು.

"ಫೋನ್ ಚಲೋ ಐತಿ" ಎಂದ. ನಾಲಿಗೆ ದಪ್ಪವಾಗಿ ಹೊರಳಿತು. "ಬಲಗೈ. ಎರಡ್ಸಲಾನೂ... ಬಲಗೈ ಇಟ್ಟೆ. ಹದಿನಾಕು ದಿನಾನೂ." ಕಸ್ತೂರೆಮ್ಮನ ಕಡೆ ತಿರುಗಿದ. "ನಿನ್ನೆ ಬಿದ್ದದ್ದು... ನಿನ್ನ ತಪ್ಪಲ್ಲ."

ಅವಳು ಬಹಳ ಹೊತ್ತು ಅವನ ಬಲಗೈಯನ್ನು ನೋಡಿದಳು, ಅದೀಗ ಕಳ್ಳತನ ಮಾಡಿ ಬಂದು ಕೂತಂತೆ. ಎದ್ದು ಒಳಗೆ ಹೋದಳು. ಫೋನಿನಲ್ಲಿ ಸುರೇಖಾ ಕಣ್ಣನ್ನು ಬೇರೆ ಕಡೆ ಮಾಡಿಕೊಂಡಳು. ಒಳಗೆ ಮಾಡದಿಂದ ತಾಟು ಇಳಿದ ಸದ್ದಾಯಿತು. ಅಮರಗುಂಡಪ್ಪ ಕಣ್ಣು ಮುಚ್ಚಿಕೊಂಡ. ಅವಳು ಎರಡು ಕಟಿರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಬಂದು ಅವನ ಎದುರಿಗೇ ನೆಲದ ಮೇಲೆ ಕೂತು ಮುರಿದು ಮುರಿದು ತಿನ್ನತೊಡಗಿದಳು. ಅವನನ್ನು ಬಿಟ್ಟು ಫೋನಿಗೆ ಹೇಳಿದಳು: "ಕೇಳಿದೇನವ್ವಾ ಸುರೇಖಾ. ಹದಿನಾಕು ದಿನ ನಾ ಓಣಿ ತುಂಬ ಹೇಳ್ಕೊಂತ ತಿರಗ್ಯಾಡೀನಿ. ಮೂರು ಹೊತ್ತು ಉಪವಾಸ ಕುಂತೀನಿ. ಈ ಮನಷ್ಯಾ ನಿನ್ನೆ ನನ್ನ ಕಡಿಂದ ಎರಡನೇ ಸಲ ಸಾರು ಹಾಕಿಸ್ಕೊಂಡಾನ."

"ಉಣ್ರಿ ಅಮ್ಮಾರ, ಮೊದಲ ಉಣ್ರಿ" ಎಂದಳು ಸುರೇಖಾ. ನಗು ತಡೆದುಕೊಂಡದ್ದು ದನಿಯಲ್ಲಿ ತಿಳಿಯಿತು. ಆಮೇಲೆ, "ಅಪ್ಪಾರ, ಯಾಕ ಬಲಗೈ ಇಟ್ರಿ? ಎಡಗೈ ನೋಯ್ತಿತ್ತೇನು?"

"ಈ ಅಂಗೈ ಮ್ಯಾಲ... ಲಿಂಗ ಬಿಟ್ಟು ಏನೂ ಇಡಂಗಿಲ್ಲ."

ಸುರೇಖಾ ಹಣೆಗೆ ಪೆನ್ನು ಒತ್ತಿಕೊಂಡಳು. "ಇದು ನಮಗ ಹೊಳೀಲೇ ಇಲ್ಲ ನೋಡ್ರಿ. ಪರೀಕ್ಷೆ ಮಾಡಿದೋರು ಕೇಳಬೇಕಿತ್ತು. ನಮ್ಮ ತಪ್ಪದು. ಲಿಂಗಸುಗೂರಾಗ ಇನ್ನೂ ಇಬ್ಬರು ಲಿಂಗ ಕಟ್ಟಿದೋರು ಅದಾರ, ಅವರೂ ಹಿಂಗ ಮಾಡಾಕತ್ತಾರೇನೋ, ಇವತ್ತ ಕೇಳ್ತೀನಿ. ನಿಮಗ ಫೋನ್ ಬ್ಯಾಡ್ರಿ. ಒಂದು ಲಿಂಬಿಹಣ್ಣು ಇಟ್ಕೊಳ್ರಿ, ನಾ ವಿಡಿಯೊದಾಗ ಎಣಿಸ್ತೀನಿ. ಬಿದ್ರ ನಡಿಯೂ ಅಂಥಾದ್ದರಿಂದ ಸುರು ಮಾಡೂಣು. ಪೂಜಿಯಾಗ ಮಾತ್ರ ಅಮ್ಮಾರ ಕೈ ಸದ್ಯಕ್ಕ ಬಿಡಬ್ಯಾಡ್ರಿ."

ಮತ್ತೊಂದು ಬಾಗಿಲು. ಈ ಸಲ ದೇವರ ಹೆಸರಿನದು, ಅವನೇ ತೆರೆದದ್ದು, ಅವಳು ಗೌರವದಿಂದ ಅಗಲ ಮಾಡಿಕೊಟ್ಟದ್ದು. ಇದರಿಂದಲೂ ಹಾದುಹೋದರೆ ತಾನು ಈ ಹುಡುಗಿಯ ಮುಂದೆ ಸಾಯುವ ತನಕ ಗಿಡ್ಡನಾಗಿಯೇ ಉಳಿಯುತ್ತೇನೆ ಅನಿಸಿತು. "ಅದು ಮೊದಲನೇ ದಿನದ ಮಾತು" ಎಂದ. "ಆಮ್ಯಾಲ... ಹಸಿರಿನ ಆಸೆಗೆ." ಉಸಿರು ಸಾಲದೆ ನಿಂತ. ಇಷ್ಟು ಬಂದ ಮೇಲೆ ಉಳಿದದ್ದೂ ಬಂತು, ಮೂರು ತಿಂಗಳು ನಾಲಿಗೆಯ ಕೆಳಗೆ ಇಟ್ಟುಕೊಂಡದ್ದು. "ಯಮನಮ್ಮನ ಸಂಗಾಟ... ಒಂದು ಹುಡುಗಿ. ಸೀರಿ ಅಂಚು ಮುಟ್ಟಿತ್ತು. ನಾ ಕೋಲಿಲೆ..."

ಕಸ್ತೂರೆಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಹೌದ್ರಿ" ಎಂದಳು ಸುರೇಖಾ. "ಅದು ನಾನ. ನೇರಳೆ ಸೀರಿ, ನಮ್ಮ ಚಿಗವ್ವನ ಮದುವಿದು. ಇನ್ನೂ ಐತಿ ಅವಳ ಹತ್ರ." ಮುಖದಲ್ಲಿ ಸಿಟ್ಟಿರಲಿಲ್ಲ, ಹೋಗಲಿ ಬಿಡಿ ಎಂಬುದೂ ಇರಲಿಲ್ಲ. ಅವಳು ಅದನ್ನು ಮರೆತೂ ಇರಲಿಲ್ಲ, ಅವನ ಹೆಜ್ಜೆ ನೋಡುವಾಗ ಅದನ್ನು ಮಧ್ಯೆ ತಂದೂ ಇರಲಿಲ್ಲ. ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ಅವನಿಗೆ ಈ ವಯಸ್ಸಿನಲ್ಲೂ ಗೊತ್ತಿಲ್ಲ. "ಈಗ ಕೈ ತಗೀರಿ ಅಪ್ಪಾರ. ಬಳಗಾನೂರಿನೋರು ಕಾಯಾಕತ್ತಾರ."

ಕಸ್ತೂರೆಮ್ಮ ಲಿಂಬೆಹಣ್ಣು ತರಲು ಏಳುತ್ತಿದ್ದಳು. ಅವನು ಬೇಡವೆಂದು ತಲೆಯಾಡಿಸಿದ. ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಅಂಗಾತ ಮಾಡಿದ, ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಆಮೇಲೆ ಫೋನನ್ನು ತೆಗೆದುಕೊಂಡು, ಸುರೇಖಾಳ ಮುಖ ಮೇಲಾಗಿ, ಆ ಅಂಗೈ ಮೇಲೆ ಇಟ್ಟ. ಕರಡಿಗೆ ಎದೆಯ ಮೇಲೆ ತಣ್ಣಗಿತ್ತು. ಎಂಟನೆಯ ವಯಸ್ಸಿನಲ್ಲಿ ಅಯ್ಯನವರು ಮೊದಲ ಸಲ ಲಿಂಗ ಇಟ್ಟಾಗ ಹೇಗೆ ಹೆದರಿ ಉಸಿರು ಬಿಗಿಹಿಡಿದಿದ್ದನೋ ಹಾಗೆಯೇ ಹಿಡಿದ. ಕಸ್ತೂರೆಮ್ಮನ ಕೈ ರೂಢಿಯಿಂದ ಕೆಳಗೆ ಬಂತು.

"ಬಿಡ್ರಿ ಅಮ್ಮಾರ" ಎಂದಳು ಸುರೇಖಾ ಅಂಗೈಯೊಳಗಿಂದ. "ನನಗ ನಿಮ್ಮ ಮನಿ ಜಂತಿ ಕಾಣಾಕತ್ತೈತಿ, ಅಪ್ಪಾರ ಗದ್ದ ಕಾಣಾಕತ್ತೈತಿ. ಮ್ಯಾಲೆತ್ರಿ. ಒಂದು. ಎರಡು."

ಕೈ ತೊಡೆಯಿಂದ ನಾಲ್ಕು ಬೆರಳು ಮೇಲೆ ಎದ್ದಿತು. ಭುಜದಿಂದ ಏನೋ ಕೆಳಗೆ ಹರಿದು ಬಂದು ಮೊಣಕೈಯಲ್ಲಿ ನಿಂತು, ಮುಂದೆ ಹೋಗಲೋ ಬೇಡವೋ ಎನ್ನುತ್ತಿತ್ತು. ಆರು, ಏಳು. ಐದು ತಿಂಗಳಿನಿಂದ ಯಾರದೋ ಆಗಿದ್ದ ಕೈ, ಅದರ ಮೇಲೆ ಆ ಹುಡುಗಿಯ ಭಾರ. ಎಂಟು. ಕೈ ಬಲಕ್ಕೆ ವಾಲತೊಡಗಿತು, ಕಿರುಬೆರಳಿನ ಕಡೆಗೆ, ಅವಳು ಹೇಳಿದಂತೆಯೇ. ಹನ್ನೊಂದಕ್ಕೆ ಫೋನು ಜಾರಿ ಧೋತರದ ಮಡಿಲಿಗೆ ಮುಖ ಕೆಳಗಾಗಿ ಬಿತ್ತು.

"ಹನ್ನೊಂದು" ಎಂದಿತು ಮಡಿಲಿನಿಂದ ದನಿ. "ಕೆಂಪ ಅಂತ ಬರಕೊಂಡೀನ್ರಿ ಅಪ್ಪಾರ. ಖರೇ ಕೆಂಪು. ಇನ್ನ ನಮಗ ಕೆಲಸ ಐತಿ."

ಅವನ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲು ಬಿಡುವಿರಲಿಲ್ಲ, ಬಲಗೈ ಎಡಗೈಯನ್ನು ಮತ್ತೆ ಅಂಗಾತ ಮಾಡುತ್ತಿತ್ತು. ಕಸ್ತೂರೆಮ್ಮ ಎಂಜಲು ಕೈಯನ್ನು ದೂರ ಇಟ್ಟುಕೊಂಡು, ಎಡಗೈಯಿಂದ ಫೋನನ್ನು ಎತ್ತಿದಳು. ಸೆರಗಿನಿಂದ ಅದರ ಮುಖ ಒರೆಸಿದಳು. ಯಾರನ್ನೂ ಕೇಳದೆ ಅದನ್ನು ಮತ್ತೆ ಅದೇ ಅಂಗೈ ಮೇಲೆ ಇಟ್ಟು ತನ್ನ ಕೈ ತೆಗೆದುಕೊಂಡಳು.

"ಒಂದು" ಎಂದಳು ಸುರೇಖಾ.